ಬಂದ ಎಸೆತವನ್ನೆಲ್ಲ ಹಿಡಿದವನು

1940ರ ದಶಕದ ಮೊದಲ ವರ್ಷಗಳು. ಷಿಕಾಗೋದ ಒಂದು ಹೋಟೆಲು, ನಡುರಾತ್ರಿ. ಸ್ಯಾಚೆಲ್ ಪೇಜ್ ತನ್ನ ಕೋಣೆಯಿಂದ ಸದ್ದಿಲ್ಲದೆ ಹೊರಬಿದ್ದು ಆಚೆಯ ಬಾಗಿಲೊಂದನ್ನು ಮೆಲ್ಲಗೆ ತಟ್ಟಿ ನ್ಯಾನ್ಸಿ, ನ್ಯಾನ್ಸಿ ಎಂದು ಪಿಸುಗುಟ್ಟಿದ. ಅಮೆರಿಕದ ಕಪ್ಪು ಜನರ ಬೇಸ್‌ಬಾಲಿನಲ್ಲಿ ಆಗ ಪೇಜ್‌ನಷ್ಟು ಹೆಸರಾದ ಪಿಚರ್ (ಬ್ಯಾಟುಗಾರನಿಗೆ ಚೆಂಡೆಸೆಯುವವನು) ಇರಲಿಲ್ಲ. ಅವನಷ್ಟು ಪೇಚಿಗೆ ಸಿಕ್ಕಿಕೊಳ್ಳುವವನೂ ಇರಲಿಲ್ಲ. ಊರೂರು ತಿರುಗಿ ಆಡುವಾಗ ಪರಿಚಯವಾದ ನ್ಯಾನ್ಸಿ ಎಂಬ ಹುಡುಗಿಯನ್ನು ಆತ ಷಿಕಾಗೋಗೆ ಬರಹೇಳಿದ್ದ. ಅವಳು ಬಂದಿಳಿದ ಹೊತ್ತಿಗೇ, ಅವನ ಕೈಹಿಡಿಯಬೇಕಿದ್ದ ಲಹೋಮಾ ಕೂಡ ಹೇಳದೆ ಕೇಳದೆ ಬಂದುಬಿಟ್ಟಳು. ತಂಡದ ಗೆಳೆಯನೊಬ್ಬ ಹೇಗೋ ಮಾಡಿ ನ್ಯಾನ್ಸಿಯನ್ನು ಬೇರೆ ಕೋಣೆಗೆ ಸಾಗಿಸಿ ಹಗಲಿನ ಮಾನ ಉಳಿಸಿದ್ದ. ಈಗ ರಾತ್ರಿಯ ಪಿಸುಮಾತಿಗೆ ಲಹೋಮಾ ಎದ್ದಳು. ಅವಳ ಬಾಗಿಲು ಕಿರುಗುಟ್ಟಿದ್ದು ಗೆಳೆಯನ ಕಿವಿಗೆ ಬಿತ್ತು. ಹಾಸಿಗೆಯಿಂದ ಜಿಗಿದವನೇ ತನ್ನ ಬಾಗಿಲು ತೆರೆದು ನಿಂತು, ನನ್ನನ್ನೇ ಕರೆದೆಯಾ ಸ್ಯಾಚೆಲ್ ಎಂದು ಕೇಳಿದ. ಪೇಜ್ ತಡವರಿಸಲಿಲ್ಲ. ಹೌದು ನ್ಯಾನ್ಸಿ, ನಿನ್ನನ್ನೇ ಹುಡುಕುತ್ತಿದ್ದೆ ಅಂದ. ಅಂದಿನಿಂದ ಸಾಯುವವರೆಗೂ ಪೇಜ್ ಆ ಗೆಳೆಯನನ್ನು ಕರೆದದ್ದು ನ್ಯಾನ್ಸಿ ಎಂದೇ.

ಆ ಗೆಳೆಯನೇ ಜಾನ್ ಜೋರ್ಡನ್ ಓನೀಲ್. ಬೇಸ್‌ಬಾಲ್ ಲೋಕಕ್ಕೆ ಬಕ್ ಓನೀಲ್. ಕ್ಯಾನ್ಸಸ್ ಸಿಟಿ ಮೊನಾರ್ಕ್ಸ್ ತಂಡದ ಮೊದಲ ಬೇಸಿನವನು. ಈ ಕಥೆಯನ್ನು ಆತನೇ ಐವತ್ತು ವರ್ಷ ಹೇಳಿಕೊಂಡು ತಿರುಗಿದ. ಕೇಳಿದವರು ನಕ್ಕರು. ನನಗೆ ಅದರಲ್ಲಿ ಕಾಣುವುದು ಮೊದಲ ಬೇಸಿನವನ ಕಸುಬು.

ಕ್ರಿಕೆಟ್ ನೋಡಿ ಬೆಳೆದ ನಮಗೆ ಆ ಕಸುಬನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬೇಸ್‌ಬಾಲಿನಲ್ಲಿ ಚೆಂಡನ್ನು ನೆಲದ ಮೇಲೆ ಹೊಡೆದ ಬ್ಯಾಟುಗಾರ ಬಲಕ್ಕೆ 90 ಅಡಿ ದೂರದ ಮೊದಲ ಬೇಸಿಗೆ ಓಡಲೇಬೇಕು. ಚುರುಕಾದವನಿಗೆ ಅದು ನಾಲ್ಕು ಸೆಕೆಂಡಿನ ದಾರಿ. ಅಷ್ಟರೊಳಗೆ ಒಳಂಗಳದ ಆಟಗಾರ ಚೆಂಡನ್ನು ಬಾಚಿ, ತಿರುಗಿ, ಮೊದಲ ಬೇಸಿನತ್ತ ಎಸೆಯಬೇಕು. ಅಲ್ಲಿ ನಿಂತವನ ಒಂದು ಕಾಲು ಬೇಸಿನ ಮೆತ್ತೆಗೆ ತಾಗಿರಬೇಕು, ಉಳಿದ ಮೈಯೆಲ್ಲ ಚೆಂಡಿನತ್ತ ಚಾಚಿರಬೇಕು. ಓಟಗಾರನಿಗಿಂತ ಮೊದಲು ಚೆಂಡು ಅವನ ಕೈಸೇರಿದರೆ ಔಟ್. ಅವಸರದ ಎಸೆತ ನೇರವಾಗಿ ಬರುವುದು ಅಪರೂಪ. ತಲೆಯ ಮೇಲೆ ಹೋಗುತ್ತದೆ, ಪಕ್ಕಕ್ಕೆ ಸರಿಯುತ್ತದೆ, ಕಾಲಬುಡದಲ್ಲಿ ಪುಟಿದು ಮಣ್ಣು ಹಾರಿಸುತ್ತದೆ. ಅದನ್ನು ಮಣ್ಣಿನೊಳಗಿಂದಲೇ ಎತ್ತಿಕೊಂಡರೆ ಎಸೆದವನ ತಪ್ಪು ಅಲ್ಲೇ ಮುಚ್ಚಿಹೋಗುತ್ತದೆ. ಕೈತಪ್ಪಿದರೆ ಎಸೆದವನ ಲೆಕ್ಕಕ್ಕೆ ಒಂದು ಎರರ್ ಬೀಳುತ್ತದೆ. ಹೀಗೆ ಒಂದು ಋತುವಿನಲ್ಲಿ ಎಷ್ಟು ಜನರ ಎಷ್ಟು ತಪ್ಪು ಮುಚ್ಚಿಹೋಯಿತು ಎಂದು ಬರೆದಿಡುವ ಅಂಕಣ ಅಂದಿನ ಸ್ಕೋರ್ ಪುಸ್ತಕದಲ್ಲಿ ಇರಲಿಲ್ಲ.

ಬಕ್ ಹುಟ್ಟಿದ್ದು 1911ರ ನವೆಂಬರ್ 13ರಂದು, ಫ್ಲಾರಿಡಾದ ಕ್ಯಾರಬೆಲ್ ಎಂಬ ಮೀನುಗಾರರ ಊರಿನಲ್ಲಿ. ಓನೀಲ್ ಎಂಬ ಮನೆತನದ ಹೆಸರೇ ಅವನ ತಾತನನ್ನು ಗುಲಾಮನಾಗಿ ಇಟ್ಟುಕೊಂಡಿದ್ದ ಒಡೆಯರದು. ಸಂಸಾರ ಸರಸೋಟಾಗೆ ಬಂದಾಗ ಹುಡುಗನಿಗೆ ಸಿಕ್ಕ ಕೆಲಸ ಸೆಲರಿ ಸೊಪ್ಪಿನ ಹೊಲದಲ್ಲಿ. ಕೊಯ್ದ ಸೊಪ್ಪು ತುಂಬಲು ಸಾಲುಸಾಲಿಗೆ ಪೆಟ್ಟಿಗೆ ಹೊತ್ತು ಇಳಿಸಬೇಕು. ಒಂದು ದಿನ ಉರಿಬಿಸಿಲಲ್ಲಿ ಪೆಟ್ಟಿಗೆಗಳ ಮರೆಗೆ ಕೂತು, ಇದಕ್ಕಿಂತ ಒಳ್ಳೆಯದು ಏನಾದರೂ ಇರಲೇಬೇಕಲ್ಲ ಎಂದು ತನ್ನಷ್ಟಕ್ಕೇ ಬೈದುಕೊಂಡ. ಪೆಟ್ಟಿಗೆಯ ಆಚೆ ಬದಿಯಲ್ಲಿ ಅಪ್ಪ ಇದ್ದದ್ದು ಗೊತ್ತಿರಲಿಲ್ಲ. ಸಂಜೆ ಏಟು ಬೀಳುತ್ತದೆ ಅಂದುಕೊಂಡರೆ ಅಪ್ಪ ಹೇಳಿದ್ದು ಬೇರೆ: ಒಳ್ಳೆಯದೇನೋ ಇದೆ, ಆದರೆ ಅದು ಇಲ್ಲಿ ಸಿಗುವುದಿಲ್ಲ, ಹೋಗಿ ಹುಡುಕಿಕೋ.

ಹೋಗದೆ ವಿಧಿಯೂ ಇರಲಿಲ್ಲ. ಸರಸೋಟಾ ಹೈಸ್ಕೂಲು ಬಿಳಿಯರ ಮಕ್ಕಳಿಗೆ ಮಾತ್ರ. ಹುಡುಗ ಜಾಕ್ಸನ್‌ವಿಲ್‌ನ ಎಡ್ವರ್ಡ್ ವಾಟರ್ಸ್ ಕಾಲೇಜಿಗೆ ಹೋಗಿ ಅಲ್ಲಿ ಹೈಸ್ಕೂಲೂ ಮುಗಿಸಿದ, ಕಾಲೇಜೂ ಸ್ವಲ್ಪ ಓದಿದ, ಬೇಸ್‌ಬಾಲೂ ಕಲಿತ. ಒಳಗೆ ಬಿಡದಿದ್ದ ಆ ಸರಸೋಟಾ ಹೈಸ್ಕೂಲು 1995ರಲ್ಲಿ ಅವನನ್ನು ಕರೆಸಿ ಗೌರವ ಡಿಪ್ಲೊಮಾ ಕೊಟ್ಟಿತು. ಆಗ ಅವನಿಗೆ 83 ವರ್ಷ. ಕರೆದಾಗ ಹೋದ, ಸಂತೋಷವಾಗಿಯೇ ತೆಗೆದುಕೊಂಡ.

ಅವನ ಹರೆಯದ ಅಮೆರಿಕದಲ್ಲಿ ಬೇಸ್‌ಬಾಲ್ ಎರಡು ಹೋಳಾಗಿತ್ತು. 1884ರಲ್ಲಿ ಫ್ಲೀಟ್‌ವುಡ್ ವಾಕರ್ ಎಂಬ ಕಪ್ಪು ಕ್ಯಾಚರ್ ಟೊಲೀಡೊ ತಂಡದಲ್ಲಿ ಆಡಿದ್ದ. ಆಮೇಲೆ ದೇಶದ ಅತಿ ಮೇಲಿನ ಹಂತವಾದ ಮೇಜರ್ ಲೀಗಿನ ಬಾಗಿಲು ಕಪ್ಪು ಜನರಿಗೆ ಮುಚ್ಚಿತು. ಕಪ್ಪು ಜನ ಆಡಕೂಡದೆಂದು ಯಾವ ನಿಯಮದ ಪುಸ್ತಕವೂ ಹೇಳಲಿಲ್ಲ; ತಂಡಗಳ ಒಡೆಯರ ನಡುವಿನ ಬಾಯಿಮಾತೇ ಆರು ದಶಕ ನಡೆಯಿತು. ಬರೆದಿಟ್ಟ ಕಾನೂನಾಗಿದ್ದರೆ ಅಳಿಸಲಾದರೂ ಆಗುತ್ತಿತ್ತು. 1920ರ ಫೆಬ್ರವರಿ 13ರಂದು ರೂಬ್ ಫಾಸ್ಟರ್ ಎಂಬ ಹಳೆಯ ಪಿಚರ್ ಕಪ್ಪು ತಂಡಗಳ ಒಡೆಯರನ್ನು ಕ್ಯಾನ್ಸಸ್ ಸಿಟಿಯ ಪಸೇಯೊ ವೈಎಂಸಿಎ ಕಟ್ಟಡಕ್ಕೆ ಕರೆಸಿ ನೀಗ್ರೋ ನ್ಯಾಷನಲ್ ಲೀಗ್ ಕಟ್ಟಿದ. ಆ ದಿನ ಸೇರಿದ ತಂಡಗಳಲ್ಲಿ ಮೊನಾರ್ಕ್ಸ್ ಕೂಡ ಒಂದು. ಅದರ ಒಡೆಯ ಜೆ. ಎಲ್. ವಿಲ್ಕಿನ್ಸನ್ ಬಿಳಿಯ. ಆಟಗಾರರು ಅವನನ್ನು ನಂಬಿದ್ದರು, ಬಕ್ ಕೊನೆಯವರೆಗೂ ಅವನ ಬಗ್ಗೆ ಒಂದು ಕೆಟ್ಟ ಮಾತು ಆಡಲಿಲ್ಲ.

ಆ ವಿಲ್ಕಿನ್ಸನ್ 1930ರಲ್ಲಿ ಮಾಡಿದ ಸಾಹಸ ಬೇಸ್‌ಬಾಲಿನ ಇತಿಹಾಸದಲ್ಲಿ ಇನ್ನೂ ದೊಡ್ಡದಾಗಿ ಬರೆಯಬೇಕಾದದ್ದು. ಆರ್ಥಿಕ ಕುಸಿತ ಬಡಿದಿತ್ತು. ಹಗಲು ಕೆಲಸ ಬಿಟ್ಟು ಆಟಕ್ಕೆ ಬರುವವರಿರಲಿಲ್ಲ. ಆತ ಸಾಲ ಮಾಡಿ, ಲಾರಿಗಳ ಮೇಲೆ ಎತ್ತರದ ಕಂಬ ನೆಡಿಸಿ, ತುದಿಗೆ ದೀಪ ಕಟ್ಟಿಸಿ, ದೊಡ್ಡದೊಂದು ಜನರೇಟರ್ ಜೊತೆಗೆ ಹೊರಟ. ನಮ್ಮ ಡೇರೆ ನಾಟಕದ ಕಂಪನಿಗಳು ಕ್ಯಾಂಪಿನಿಂದ ಕ್ಯಾಂಪಿಗೆ ಹೋದಂತೆ ಮೊನಾರ್ಕ್ಸ್ ತಂಡ ತನ್ನ ಬೆಳಕನ್ನು ತಾನೇ ಹೊತ್ತು ಊರಿಂದೂರಿಗೆ ಹೋಯಿತು. ಜನರೇಟರಿನ ಗದ್ದಲಕ್ಕೆ ಹೊರಂಗಳದವರ ಕೂಗು ಕೇಳುತ್ತಿರಲಿಲ್ಲ, ಚೆಂಡು ದೀಪದ ಮೇಲಕ್ಕೆ ಹೋದರೆ ಕಾಣುತ್ತಿರಲಿಲ್ಲ. ಆದರೂ ಜನ ಮುಗಿಬಿದ್ದರು. ಮೇಜರ್ ಲೀಗಿನವರು ದೀಪದ ಬೆಳಕಿನಲ್ಲಿ ಮೊದಲ ಆಟ ಆಡಿದ್ದು 1935ರ ಮೇ ತಿಂಗಳಲ್ಲಿ, ಸಿನ್ಸಿನಾಟಿಯಲ್ಲಿ, ಮೊನಾರ್ಕ್ಸ್ ದಾರಿ ತೋರಿಸಿ ಐದು ವರ್ಷವಾದ ಮೇಲೆ.

ಬಕ್ ಮೊನಾರ್ಕ್ಸ್‌ಗೆ ತಲುಪಿದ್ದು ಸುತ್ತುಬಳಸಿನ ದಾರಿಯಲ್ಲಿ. 1934ರಲ್ಲಿ ಕಾಲೇಜು ಬಿಟ್ಟು ತಿರುಗಾಟದ ತಂಡಗಳ ಜೊತೆ ಹೊರಟ. ಬಕ್ ಎಂಬ ಹೆಸರೂ ದಾರಿಯಲ್ಲಿ ಅಂಟಿಕೊಂಡದ್ದೇ: ಮಯಾಮಿ ಜೈಂಟ್ಸ್ ತಂಡದ ಒಡೆಯನಿಗೂ ಅಂಥದೇ ಮನೆತನದ ಹೆಸರಿತ್ತು, ಅವನನ್ನು ಜನ ಬಕ್ ಅನ್ನುತ್ತಿದ್ದರು, ಗೊಂದಲದಲ್ಲಿ ಇವನೂ ಬಕ್ ಆದ. 1937ರಲ್ಲಿ ಮೆಂಫಿಸ್ ರೆಡ್ ಸಾಕ್ಸ್ ಸೇರಿದ. ಅದೇ ವರ್ಷ ಸ್ವಲ್ಪ ದಿನ ಜುಲು ಕ್ಯಾನಿಬಲ್ ಜೈಂಟ್ಸ್ ಎಂಬ ತಂಡದಲ್ಲೂ ಆಡಿದ. ಅಲ್ಲಿ ಹುಲ್ಲಿನ ಲಂಗ ಉಟ್ಟು, ಮುಖಕ್ಕೆ ಬಣ್ಣ ಬಳಿದುಕೊಂಡು ಆಡಬೇಕು. ಹೊಟ್ಟೆಪಾಡು. ಕಪ್ಪು ಮನುಷ್ಯ ಚೆನ್ನಾಗಿ ಆಡುವುದಕ್ಕಿಂತ ಕಾಡಿನವನಂತೆ ಕುಣಿಯುವುದಕ್ಕೆ ಹೆಚ್ಚು ಟಿಕೆಟ್ ಹೋಗುತ್ತಿದ್ದ ಕಾಲ ಅದು. ಮುಂದೆ ಆ ಸಂಗತಿಯನ್ನು ಅವನು ಬಚ್ಚಿಡಲಿಲ್ಲ, ನಾಚಿಕೆಯನ್ನೂ ಬಚ್ಚಿಡಲಿಲ್ಲ.

1938ರಲ್ಲಿ ಮೊನಾರ್ಕ್ಸ್. ಆರಡಿ ಎರಡಂಗುಲದ ಆಳು, ಉದ್ದನೆಯ ತೋಳು, ಮೊದಲ ಬೇಸಿಗೆಂದೇ ಅಳೆದು ಮಾಡಿದ ಮೈ. ಹೋಮ್ ರನ್ ಬಾರಿಸುವ ದೈತ್ಯನಾಗಿರಲಿಲ್ಲ, ಬೇಕಾದಾಗ ಹೊಡೆಯುತ್ತಿದ್ದ. 1939ರಿಂದ 1942ರವರೆಗೆ ಮೊನಾರ್ಕ್ಸ್ ಸತತ ನಾಲ್ಕು ವರ್ಷ, ತಾನು ಆಗ ಆಡುತ್ತಿದ್ದ ನೀಗ್ರೋ ಅಮೆರಿಕನ್ ಲೀಗ್ ಗೆದ್ದಿತು. ಕಪ್ಪು ಬೇಸ್‌ಬಾಲಿನ ಜಾತ್ರೆಯಾಗಿದ್ದ ಈಸ್ಟ್-ವೆಸ್ಟ್ ಆಲ್ ಸ್ಟಾರ್ ಪಂದ್ಯಕ್ಕೆ ಬಕ್ ಮೂರು ಸಲ ಆಯ್ಕೆಯಾದ.

ಕ್ಯಾನ್ಸಸ್ ಸಿಟಿಯಲ್ಲಿ ಅವರಿಗೊಂದು ಊರೊಳಗಿನ ಊರಿತ್ತು. ಹದಿನೆಂಟನೇ ಬೀದಿ ಮತ್ತು ವೈನ್ ಬೀದಿ ಕೂಡುವ ಮೂಲೆ. ರಾತ್ರಿಯೆಲ್ಲ ಜಾಝ್, ಬೆಳಗಾದರೆ ಬೇಸ್‌ಬಾಲ್. ಕೌಂಟ್ ಬೇಸಿ ನುಡಿಸುತ್ತಿದ್ದ ಊರು. ಭಾನುವಾರ ಚರ್ಚುಗಳು ಪ್ರಾರ್ಥನೆ ಬೇಗ ಮುಗಿಸಿದರೆ ಜನ ಹಬ್ಬದ ಬಟ್ಟೆಯಲ್ಲೇ ಮೈದಾನಕ್ಕೆ ಬರುತ್ತಿದ್ದರು. ನೀಗ್ರೋ ಲೀಗ್ ಅಂದರೆ ಹಸಿವು, ಅವಮಾನ, ಮುರುಕು ಬಸ್ಸು ಎಂದಷ್ಟೇ ಬರೆಯುವವರ ಮೇಲೆ ಬಕ್‌ಗೆ ಸಿಟ್ಟಿತ್ತು. ಆ ಸಿಟ್ಟು ನ್ಯಾಯವಾದದ್ದು. ಒಳ್ಳೆಯ ಹೋಟೆಲುಗಳಲ್ಲೇ ಇಳಿದುಕೊಳ್ಳುತ್ತಿದ್ದೆವು, ಅವು ಕಪ್ಪು ಜನರ ಒಡೆತನದವು. ಒಳ್ಳೆಯ ಊಟ ಮಾಡುತ್ತಿದ್ದೆವು, ಅಡುಗೆಯವರೂ ನಮ್ಮವರೇ ಎಂದು ಅವನು ಬಿಡದೆ ಹೇಳುತ್ತಿದ್ದ. ತನ್ನ ಜನ ಕಟ್ಟಿಕೊಂಡ ಬದುಕನ್ನು ಬರೀ ಕಣ್ಣೀರಿನ ಕಥೆ ಮಾಡಲು ಆತ ಬಿಡಲಿಲ್ಲ.

ಅವಮಾನ ಇರಲಿಲ್ಲವೆಂದಲ್ಲ. ಮುಂದೆ ಮೇಜರ್ ಲೀಗಿನ ಮುಚ್ಚಿದ ಬಾಗಿಲು ತೆರೆಯಲಿದ್ದ ಜಾಕಿ ರಾಬಿನ್ಸನ್ 1945ರಲ್ಲಿ ಮೊನಾರ್ಕ್ಸ್ ಪರ ಆಡುತ್ತಿದ್ದಾಗ ಓಕ್ಲಹೋಮಾದ ಮಸ್ಕೋಗೀ ಬಳಿಯ ಒಂದು ಪೆಟ್ರೋಲ್ ಬಂಕಿನಲ್ಲಿ ನಡೆದ ಪ್ರಸಂಗವನ್ನು ಬಕ್ ಎಷ್ಟು ಸಲ ಹೇಳಿದ್ದಾನೋ. ವರ್ಷಗಳಿಂದ ತಂಡದ ಬಸ್ಸು ಅಲ್ಲೇ ಪೆಟ್ರೋಲ್ ಹಾಕಿಸಿಕೊಳ್ಳುತ್ತಿತ್ತು. ಅಂದು ರಾಬಿನ್ಸನ್ ಇಳಿದು ಶೌಚಾಲಯದ ಕಡೆ ನಡೆದ. ನಿನಗೆ ಅಲ್ಲಿ ಪ್ರವೇಶವಿಲ್ಲ ಅಂದ ಬಂಕಿನವ. ಹಾಗಾದರೆ ಬಸ್ಸಿನ ಟ್ಯಾಂಕಿನಿಂದ ಪೈಪು ತೆಗೆ ಅಂದ ರಾಬಿನ್ಸನ್. ಬಸ್ಸಿಗೆ ಐವತ್ತೈವತ್ತು ಗ್ಯಾಲನ್ನಿನ ಎರಡು ಟ್ಯಾಂಕು. ಅಷ್ಟು ದೊಡ್ಡ ವ್ಯಾಪಾರ ದಿನಾ ಬರುವುದಿಲ್ಲ. ಬಂಕಿನವ ಬೇಗ ಹೋಗಿ ಬನ್ನಿ ಅಂದ. ಅಂದಿನಿಂದ ಶೌಚಾಲಯ ಕೊಡದ ಬಂಕಿನಲ್ಲಿ ಮೊನಾರ್ಕ್ಸ್ ಪೆಟ್ರೋಲ್ ಕೊಳ್ಳಲಿಲ್ಲ. ಆ ದಿನ ಬಕ್ ಆ ಬಸ್ಸಿನಲ್ಲಿ ಇರಲಿಲ್ಲ, ಸಾವಿರಾರು ಮೈಲಿ ದೂರದ ನೌಕಾಪಡೆಯ ಕೆಲಸದಲ್ಲಿದ್ದ. ಗೆಳೆಯರು ಹೇಳಿದ್ದನ್ನು ಹಿಡಿದಿಟ್ಟುಕೊಂಡು, ಅವರೆಲ್ಲ ತೀರಿಕೊಂಡ ಮೇಲೂ ದಾಟಿಸುತ್ತ ಬಂದ.

ಅವನ ಕಥೆಗಳ ಬಗ್ಗೆ ಒಂದು ಮಾತು ಹೇಳಬೇಕು. 1942ರ ನೀಗ್ರೋ ವರ್ಲ್ಡ್ ಸೀರೀಸ್‌ನಲ್ಲಿ ಮೊನಾರ್ಕ್ಸ್ ಹೋಮ್‌ಸ್ಟೆಡ್ ಗ್ರೇಸ್ ತಂಡವನ್ನು ನಾಲ್ಕು ಸೊನ್ನೆಯಿಂದ ಸೋಲಿಸಿತು. ಪಿಟ್ಸ್‌ಬರ್ಗಿನ ಫೋರ್ಬ್ಸ್ ಫೀಲ್ಡ್‌ನಲ್ಲಿ ನಡೆದ ಎರಡನೇ ಪಂದ್ಯದಲ್ಲಿ ಸ್ಯಾಚೆಲ್ ಪೇಜ್ ಎದುರು ಜೋಶ್ ಗಿಬ್ಸನ್ ಬಂದ. ಬೇಸುಗಳೆಲ್ಲ ತುಂಬಿದ್ದವು. ಕಪ್ಪು ಬೇಸ್‌ಬಾಲಿನ ಅತಿದೊಡ್ಡ ಪಿಚರ್, ಅತಿದೊಡ್ಡ ಬ್ಯಾಟುಗಾರ. ಗಿಬ್ಸನ್‌ನನ್ನೇ ಎದುರಿಸಬೇಕೆಂದು ಪೇಜ್ ಬೇಕೆಂದೇ ಮುಂಚಿನವರಿಗೆ ಬಿಟ್ಟಿ ಬೇಸು ಕೊಟ್ಟ, ನಾನು ಮೊದಲ ಬೇಸಿನಿಂದ ಓಡಿಹೋಗಿ ನಿನಗೇನು ಹುಚ್ಚೇ ಎಂದು ಕೇಳಿದೆ ಎಂದು ಬಕ್ ವರ್ಣಿಸುತ್ತಿದ್ದ. ಅಂದಿನ ಪತ್ರಿಕೆಗಳ ವರದಿಯಲ್ಲಿ ಬೇಸು ತುಂಬಿದ್ದು ಒಂದರ ಹಿಂದೊಂದು ಬಿದ್ದ ಹಿಟ್‌ಗಳಿಂದ. ಗಿಬ್ಸನ್ ಮೂರೇ ಎಸೆತಕ್ಕೆ ಔಟಾದದ್ದು ಎರಡು ಕಡೆಯೂ ಒಂದೇ. ನಮ್ಮ ಜನಪದದವರು ಕಥೆಗೆ ಒಗ್ಗರಣೆ ಹಾಕಿದಂತೆ ಬಕ್ ಕೂಡ ಹಾಕಿದ. ಆದರೆ ಬಿಳಿಯರ ಪತ್ರಿಕೆಗಳು ಈ ಪಂದ್ಯಗಳನ್ನು ಒಂದು ಮೂಲೆಯಲ್ಲಿ ಮುಗಿಸುತ್ತಿದ್ದವು ಅಥವಾ ಬಿಟ್ಟೇಬಿಡುತ್ತಿದ್ದವು. ಸ್ಕೋರ್ ಪಟ್ಟಿಗಳು ಎಷ್ಟೋ ಕಳೆದುಹೋದವು. ಬಕ್ ಹೇಳದೆ ಹೋಗಿದ್ದರೆ ಪತ್ರಿಕೆಯ ವರದಿಯನ್ನು ಹುಡುಕಿ ತೆಗೆಯುವ ಆಸೆ ಯಾರಿಗೂ ಹುಟ್ಟುತ್ತಿರಲಿಲ್ಲ.

ಇನ್ನೊಂದು ಕಥೆಯನ್ನು ಅವನು ದನಿ ತಗ್ಗಿಸಿ ಹೇಳುತ್ತಿದ್ದ. ದಕ್ಷಿಣ ಕ್ಯಾರೊಲಿನಾದ ಚಾರ್ಲ್ಸ್‌ಟನ್‌ಗೆ ತಂಡ ಹೋದಾಗ ಹೋಟೆಲಿನ ಕೋಣೆ ಇನ್ನೂ ಸಿದ್ಧವಾಗಿರಲಿಲ್ಲ. ಬಾ, ಸುತ್ತಾಡಿ ಬರೋಣ ಎಂದು ಪೇಜ್ ಅವನನ್ನು ಡ್ರಮ್ ಐಲೆಂಡ್ ಎಂಬಲ್ಲಿಗೆ ಕರೆದೊಯ್ದ. ಗುಲಾಮರನ್ನು ಹಡಗಿನಿಂದಿಳಿಸಿ ಹರಾಜು ಹಾಕುತ್ತಿದ್ದ ಜಾಗವೆಂಬ ಗುರುತು ಅಲ್ಲಿತ್ತು. ಸದಾ ವಟಗುಟ್ಟುವ ಇಬ್ಬರೂ ಬಹಳ ಹೊತ್ತು ಮಾತಿಲ್ಲದೆ ನಿಂತರು. ಕೊನೆಗೆ ಪೇಜ್, ಹಿಂದೆ ಎಂದೋ ಇಲ್ಲಿಗೆ ಬಂದಿದ್ದೆ ಅನ್ನಿಸುತ್ತದೆ ಅಂದ. ನನಗೂ ಹಾಗೇ ಅಂದ ಬಕ್. ಊರು ನಕ್ಕ ನ್ಯಾನ್ಸಿಯ ಕಥೆಯ ಪೇಜ್ ಇವನೇ.

ಬಕ್‌ನ ಕಿವಿಯೂ ಅವನ ಕೈಯಷ್ಟೇ ಸೂಕ್ಷ್ಮ. ಬ್ಯಾಟಿಗೆ ಚೆಂಡು ತಗುಲಿದ ಸದ್ದಿನಲ್ಲಿ ಒಂದು ಸದ್ದು ಬೇರೆಯೇ, ಬದುಕಿನಲ್ಲಿ ಅದನ್ನು ಮೂರೇ ಸಲ ಕೇಳಿದೆ ಅನ್ನುತ್ತಿದ್ದ. ಹುಡುಗನಾಗಿದ್ದಾಗ ಫ್ಲಾರಿಡಾದಲ್ಲಿ ಬೇಲಿಯಾಚೆ ಕೇಳಿದ ಆ ಸದ್ದಿನ ಬೆನ್ನುಹತ್ತಿ ಹೋಗಿ ನೋಡಿದರೆ ಬ್ಯಾಟ್ ಹಿಡಿದಿದ್ದವನು ಬಿಳಿಯರ ಬೇಸ್‌ಬಾಲಿನ ದೊಡ್ಡ ಹೊಡೆತಗಾರ ಬೇಬ್ ರೂತ್. ಮೊನಾರ್ಕ್ಸ್ ಸೇರಿದ ಹೊಸದರಲ್ಲಿ ವಾಷಿಂಗ್ಟನ್ನಿನಲ್ಲಿ ಬಟ್ಟೆ ಬದಲಿಸುತ್ತಿದ್ದಾಗ ಅದೇ ಸದ್ದು ಕೇಳಿ ಅರೆಬಟ್ಟೆಯಲ್ಲೇ ಹೊರಗೋಡಿದ, ಜೋಶ್ ಗಿಬ್ಸನ್. ಮೂರನೆಯದಕ್ಕೆ ಸುಮಾರು ಐವತ್ತು ವರ್ಷ ಕಾಯಬೇಕಾಯಿತು: 1986ರಲ್ಲಿ ಕ್ಯಾನ್ಸಸ್ ಸಿಟಿಯ ರಾಯಲ್ಸ್ ಮೈದಾನದಲ್ಲಿ ಬೋ ಜಾಕ್ಸನ್ ಎಂಬ ತರುಣ. ನಾಲ್ಕನೆಯ ಸಲ ಕೇಳಬಹುದು ಎಂದೇ ಮೈದಾನಕ್ಕೆ ಹೋಗುತ್ತೇನೆ ಎಂದು ತೊಂಬತ್ತರ ಮೇಲೂ ಹೇಳುತ್ತಿದ್ದ.

ತನ್ನ ಬಾಳಿನ ಅತ್ಯುತ್ತಮ ದಿನ ಯಾವುದು ಎಂದರೆ ಅವನ ಉತ್ತರ ಸಿದ್ಧ: 1943ರ ಈಸ್ಟರ್ ಭಾನುವಾರ, ಮೆಂಫಿಸ್. ಒಂದೇ ಪಂದ್ಯದಲ್ಲಿ ಸಿಂಗಲ್, ಡಬಲ್, ಟ್ರಿಪಲ್, ಹೋಮ್ ರನ್ ನಾಲ್ಕನ್ನೂ ಹೊಡೆದೆ, ಸಂಜೆ ಹೋಟೆಲಿನಲ್ಲಿ ಓರಾ ಎಂಬ ಶಾಲಾಶಿಕ್ಷಕಿಯನ್ನು ಕಂಡೆ ಎಂದು. 1946ರಲ್ಲಿ ಅವರ ಮದುವೆಯಾಯಿತು. ಅರ್ಧ ಶತಮಾನದ ದಾಂಪತ್ಯ.

ನಡುವೆ ಯುದ್ಧ. 1943ರಲ್ಲಿ ನೌಕಾಪಡೆಗೆ ಸೇರಿ ಫಿಲಿಪ್ಪೀನ್ಸ್‌ನ ಸೂಬಿಕ್ ಬೇ ಸೇರಿದ. ಅಲ್ಲಿಯೂ ಕಪ್ಪು ಜನರ ತುಕಡಿಯೇ ಬೇರೆ; ಕೆಲಸ ಹಡಗಿಗೆ ಸರಕು ಏರಿಸುವುದು, ಇಳಿಸುವುದು. 1945ರ ಅಕ್ಟೋಬರ್ ಕೊನೆಯಲ್ಲಿ ಒಂದು ದಿನ ಮೇಲಧಿಕಾರಿ ಅವನನ್ನು ಕರೆಸಿದ. ಮೇಜರ್ ಲೀಗಿನ ಬ್ರೂಕ್ಲಿನ್ ಡಾಡ್ಜರ್ಸ್‌ನವರು ಜಾಕಿ ರಾಬಿನ್ಸನ್‌ನನ್ನು ತಮ್ಮ ಮಾಂಟ್ರಿಯಲ್ ತಂಡಕ್ಕೆ ಸೇರಿಸಿಕೊಂಡಿದ್ದಾರೆ ಎಂಬ ಸುದ್ದಿ. ಬಕ್ ಧ್ವನಿವರ್ಧಕ ಹಿಡಿದು ನೆಲೆಗೆಲ್ಲ ಸಾರಿದ. ಹಡಗುಕಟ್ಟೆಯಲ್ಲಿ ಹುಡುಗರು ಕುಣಿದರು, ಅತ್ತರು, ಗಾಳಿಗೆ ಗುಂಡು ಹಾರಿಸಿದರು.

ಅವನಿಗೆ ಆಗ 34 ಆಗುವುದರಲ್ಲಿತ್ತು. ಬಾಗಿಲು ತೆರೆಯುವ ಹೊತ್ತಿಗೆ ಒಳಗೆ ಹೋಗುವ ವಯಸ್ಸು ಮೀರಿತ್ತು.

1948ರಲ್ಲಿ ಬಕ್ ಮೊನಾರ್ಕ್ಸ್‌ನ ಮ್ಯಾನೇಜರ್ ಆದ. ಆ ಹುದ್ದೆಯ ಸಂಕಟ ವಿಚಿತ್ರವಾದದ್ದು. ಮೇಜರ್ ಲೀಗ್ ಒಬ್ಬೊಬ್ಬರನ್ನೇ ಎತ್ತಿಕೊಳ್ಳುತ್ತಿತ್ತು. ಜನ ರಾಬಿನ್ಸನ್ ಆಡುವುದನ್ನು ನೋಡಲು ಆ ಕಡೆ ಹೊರಟರು. ತಾವು ದಶಕಗಟ್ಟಲೆ ಬೇಡಿದ್ದು ಸಿಕ್ಕಿದ ದಿನದಿಂದಲೇ ತಮ್ಮ ಮನೆ ಖಾಲಿಯಾಗತೊಡಗಿತು. 1948ರ ಕೊನೆಗೆ, ಫಾಸ್ಟರ್ ಕಟ್ಟಿದ್ದರ ಹೆಸರನ್ನೇ ಹೊತ್ತ ಎರಡನೆಯ ನೀಗ್ರೋ ನ್ಯಾಷನಲ್ ಲೀಗ್ ಮುಚ್ಚಿತು. ವಿಲ್ಕಿನ್ಸನ್ ತನ್ನ ಪಾಲು ಮಾರಿ ಹೊರಬಿದ್ದ. ಎಷ್ಟೋ ಸಲ ಮೇಜರ್ ಲೀಗಿನವರು ಆಟಗಾರನನ್ನು ಒಯ್ದರೇ ಹೊರತು ಅವನನ್ನು ಬೆಳೆಸಿದ ತಂಡಕ್ಕೆ ಕಾಸು ಕೊಡಲಿಲ್ಲ. ರಾಬಿನ್ಸನ್‌ಗಾಗಿ ಮೊನಾರ್ಕ್ಸ್‌ಗೆ ಒಂದು ಡಾಲರೂ ಬರಲಿಲ್ಲ. ಇದನ್ನು ಎಂದು ಓದಿದರೂ ನನಗೆ ಸಿಟ್ಟು ಬರುತ್ತದೆ. ಬಕ್ ಮಾತ್ರ ತನ್ನ ಕೆಲಸ ಇದೇ ಎಂದು ತಿಳಿದುಕೊಂಡಿದ್ದ: ಹುಡುಗರನ್ನು ಹದಮಾಡಿ ಆಚೆ ಕಳಿಸುವುದು. ಎಲ್ಸ್‌ಟನ್ ಹೊವಾರ್ಡ್ ಅವನ ಕೈಕೆಳಗೆ ಆಡಿ ಯಾಂಕೀಸ್‌ನ ಮೊದಲ ಕಪ್ಪು ಆಟಗಾರನಾದ. ನಾಚಿಕೆ ಸ್ವಭಾವದ ಶಾರ್ಟ್‌ಸ್ಟಾಪ್ ಎರ್ನಿ ಬ್ಯಾಂಕ್ಸ್‌ನನ್ನು 1953ರಲ್ಲಿ ಬಕ್ ತಾನೇ ಷಿಕಾಗೋಗೆ ಕರೆದುಕೊಂಡು ಹೋಗಿ ಕಬ್ಸ್ ತಂಡಕ್ಕೆ ಒಪ್ಪಿಸಿ ಬಂದ. ಬ್ಯಾಂಕ್ಸ್ ಆ ತಂಡದ ಮೊದಲ ಕಪ್ಪು ಆಟಗಾರ. ಮುಂದೆ 512 ಹೋಮ್ ರನ್ ಹೊಡೆದ.

1955ರಲ್ಲಿ ಮೇಜರ್ ಲೀಗಿನ ಅಥ್ಲೆಟಿಕ್ಸ್ ತಂಡ ಫಿಲಡೆಲ್ಫಿಯಾ ಬಿಟ್ಟು ಕ್ಯಾನ್ಸಸ್ ಸಿಟಿಗೇ ಬಂತು. ಮೊನಾರ್ಕ್ಸ್‌ಗೆ ಅಲ್ಲಿ ಉಸಿರಾಡಲು ಜಾಗ ಉಳಿಯಲಿಲ್ಲ, ಅದನ್ನು ಹೊರಗಿನವರಿಗೆ ಮಾರಿದರು. ಬಕ್ ಕಬ್ಸ್‌ಗೆ ಸ್ಕೌಟ್ ಆಗಿ ಹೊರಟ. ಆಟಗಾರನನ್ನು ಕೊಂಡೊಯ್ಯಲು ಎಲ್ಲರೂ ಬರುತ್ತಿದ್ದರು, ಹುಡುಕಲು ಹೋಗುವವರು ಕಡಿಮೆ. ದಕ್ಷಿಣದ ಕಪ್ಪು ಕಾಲೇಜುಗಳ ಬರಡು ಮೈದಾನಗಳಿಗೆ ಕಾರು ಓಡಿಸಿಕೊಂಡು ಹೋಗಿ ಗಂಟೆಗಟ್ಟಲೆ ಬೆಂಚಿನ ಮೇಲೆ ಕೂರುತ್ತಿದ್ದವನು ಇವನು. ಲೂಸಿಯಾನಾದ ಸದರ್ನ್ ವಿಶ್ವವಿದ್ಯಾಲಯದಲ್ಲಿ ಲೂ ಬ್ರಾಕ್ ಸಿಕ್ಕಿದ್ದು ಹೀಗೆ. ಕಬ್ಸ್‌ನವರು 1964ರಲ್ಲಿ ಬ್ರಾಕ್‌ನನ್ನು ಸೇಂಟ್ ಲೂಯಿಸ್‌ಗೆ ಕೊಟ್ಟುಬಿಟ್ಟರು. ಅಲ್ಲಿ ಅವನು ಹಿಟ್ ಇಲ್ಲದೆಯೇ ಓಡಿ ಕದ್ದ ಬೇಸುಗಳ ದಾಖಲೆ ಮುರಿದು 938ಕ್ಕೆ ನಿಂತ, ಮೂರು ಸಾವಿರ ಹಿಟ್ ದಾಟಿದ.

ಬಿಲ್ಲಿ ವಿಲಿಯಮ್ಸ್‌ನದು ಇನ್ನೊಂದು ಬಗೆ. 1959ರಲ್ಲಿ ಟೆಕ್ಸಾಸ್‌ನ ಕೆಳದರ್ಜೆ ತಂಡದಲ್ಲಿದ್ದ ಆ ಹುಡುಗ, ಹೋಟೆಲಿನವರು ಊಟ ಕೊಡುವುದಿಲ್ಲ, ಸಾಕು ಈ ಆಟ ಎಂದು ಅಲಬಾಮಾದ ತನ್ನೂರಿಗೆ ಹೊರಟುಹೋದ. ಕರೆತರಲು ಬಕ್‌ನನ್ನು ಕಳಿಸಿದರು. ಬಕ್ ಅವನ ಮನೆಗೆ ಹೋದ, ಮನೆಯವರ ಜೊತೆ ಊಟ ಮಾಡಿದ, ಬೇಸ್‌ಬಾಲಿನ ಮಾತೇ ಎತ್ತಲಿಲ್ಲ. ಮರುದಿನ ಸುಮ್ಮನೆ ಊರಿನ ಮೈದಾನದ ಕಡೆ ಕರೆದುಕೊಂಡು ಹೋದ. ಅಲ್ಲಿ ಆಡುತ್ತಿದ್ದ ಹುಡುಗರು ವಿಲಿಯಮ್ಸ್‌ನನ್ನು ಮುತ್ತಿಕೊಂಡು, ಅಲ್ಲಿ ಆಡುವುದು ಹೇಗಿರುತ್ತದೆ ಎಂದು ಕೇಳಿದ್ದೇ ಕೇಳಿದ್ದು. ಕೆಲವೇ ದಿನದಲ್ಲಿ ವಿಲಿಯಮ್ಸ್ ತಂಡಕ್ಕೆ ಮರಳಿದ. 1987ರಲ್ಲಿ ಬೇಸ್‌ಬಾಲಿನ ಮಹಾನ್ ಆಟಗಾರರ ಗೌರವಶಾಲೆಯಾದ ಹಾಲ್ ಆಫ್ ಫೇಮ್ ಸೇರಿದ. ಮಣ್ಣಿನಲ್ಲಿ ಪುಟಿದು ಹೊರಗೆ ಹೊರಟ ಚೆಂಡನ್ನು ಹಿಡಿದುಕೊಂಡದ್ದು ಅಂದರೆ ಇದೇ.

1962ರ ಮೇ ಕೊನೆಯಲ್ಲಿ ಕಬ್ಸ್ ಬಕ್‌ನನ್ನು ಕೋಚ್ ಮಾಡಿತು. ಮೇಜರ್ ಲೀಗಿನ ಚರಿತ್ರೆಯಲ್ಲಿ ಮೊದಲ ಕಪ್ಪು ಕೋಚ್. ಪತ್ರಿಕೆಗಳು ಬರೆದವು, ಫೋಟೋ ತೆಗೆದವು. ಆ ವರ್ಷಗಳಲ್ಲಿ ಕಬ್ಸ್‌ಗೆ ಒಬ್ಬ ಮ್ಯಾನೇಜರ್ ಇರಲಿಲ್ಲ; ಕೋಚುಗಳೇ ಸರದಿಯ ಮೇಲೆ ಮುಖ್ಯಸ್ಥರಾಗುವ ಪದ್ಧತಿ. ಆ ಸರದಿ ಬಕ್‌ಗೆ ಬರಲೇ ಇಲ್ಲ. ಹ್ಯೂಸ್ಟನ್ನಿನ ಒಂದು ಪಂದ್ಯದಲ್ಲಿ ಅಂಪೈರು ಜೊತೆ ಜಗಳವಾಗಿ ಇಬ್ಬರು ಕೋಚುಗಳನ್ನು ಮೈದಾನದಿಂದ ಹೊರಹಾಕಿದರು. ಮೂರನೇ ಬೇಸಿನ ಪಕ್ಕ ನಿಂತು ಓಟಗಾರರಿಗೆ ಸನ್ನೆ ಮಾಡುವವರು ಯಾರೂ ಇರಲಿಲ್ಲ. ಡಗೌಟಿನಲ್ಲಿ ಬಕ್ ಕೂತಿದ್ದ. ಅವನನ್ನು ಬಿಟ್ಟು, ದೂರದ ಬುಲ್‌ಪೆನ್ನಿನಿಂದ ಪಿಚಿಂಗ್ ಕೋಚನ್ನು ಕರೆಸಿ ನಿಲ್ಲಿಸಿದರು. ಇಷ್ಟು ವರ್ಷದ ಬೇಸ್‌ಬಾಲಿನಲ್ಲಿ ಇಷ್ಟು ನೋವು ಕೊಟ್ಟದ್ದು ಕೆಲವೇ ಎಂದು ಮುಂದೆ ಹೇಳಿಕೊಂಡ. ಅಂದು ಏನೂ ಹೇಳಲಿಲ್ಲ. ಮತ್ತೆ ಸ್ಕೌಟ್ ಕೆಲಸಕ್ಕೆ ಮರಳಿ ಜೋ ಕಾರ್ಟರ್‌ನಂಥವರನ್ನು, ಲೀ ಸ್ಮಿತ್‌ನಂಥವರನ್ನು ಕಂಡುಹಿಡಿದ. ಮೇಜರ್ ಲೀಗಿಗೆ ಮೊದಲ ಕಪ್ಪು ಮ್ಯಾನೇಜರ್ ಬರಲು 1975 ಆಗಬೇಕಾಯಿತು, ಅದೂ ಬೇರೆ ತಂಡದಲ್ಲಿ: ಕ್ಲೀವ್‌ಲ್ಯಾಂಡ್‌ನ ಫ್ರ್ಯಾಂಕ್ ರಾಬಿನ್ಸನ್.

ಅಮೆರಿಕ ಬಕ್‌ನನ್ನು ನಿಜವಾಗಿ ಕಂಡದ್ದು ಅವನ 82ನೇ ವಯಸ್ಸಿನಲ್ಲಿ. 1994ರ ಸೆಪ್ಟೆಂಬರಿನಲ್ಲಿ ಕೆನ್ ಬರ್ನ್ಸ್‌ನ ಬೇಸ್‌ಬಾಲ್ ಸಾಕ್ಷ್ಯಚಿತ್ರ ಟಿವಿಯಲ್ಲಿ ಬಂತು. ಮುದುಕನೊಬ್ಬ ಕ್ಯಾಮೆರಾ ಎದುರು ಕೂತು ಪೇಜ್, ಗಿಬ್ಸನ್, ಕೂಲ್ ಪಾಪಾ ಬೆಲ್ ಇವರನ್ನೆಲ್ಲ ಎದ್ದು ನಡೆದು ಬರುವಂತೆ ಮಾಡಿದ. ನಾಡಿಗೆ ನಾಡೇ ಅವನಿಗೆ ಕಿವಿಗೊಟ್ಟಿತು. ನೀವು ತಪ್ಪು ಕಾಲದಲ್ಲಿ ಹುಟ್ಟಿದಿರಿ ಎಂದು ಮರುಕ ತೋರಿದವರಿಗೆಲ್ಲ ಅವನ ಉತ್ತರ ಒಂದೇ, ಸರಿಯಾದ ಕಾಲಕ್ಕೇ ಬಂದಿದ್ದೇನೆ ಎಂದು. ತನ್ನ ಆತ್ಮಕಥೆಗೂ ಅದೇ ಅರ್ಥದ ಹೆಸರಿಟ್ಟ. ಹದಿನೆಂಟು ಮತ್ತು ವೈನ್ ಮೂಲೆಯಲ್ಲಿ 1990ರಲ್ಲಿ ಒಂದೇ ಕೋಣೆಯಲ್ಲಿ ಶುರುವಾದ ನೀಗ್ರೋ ಲೀಗ್ಸ್ ಬೇಸ್‌ಬಾಲ್ ಮ್ಯೂಸಿಯಂಗೆ ಅಧ್ಯಕ್ಷನಾಗಿ, ಊರೂರಿಗೆ ಹೋಗಿ ಮಾತಾಡಿ, ಹಣ ಕೂಡಿಸಿ ಅದನ್ನು ಬೆಳೆಸಿದ.

2006ರ ಫೆಬ್ರವರಿ 27. ಹಾಲ್ ಆಫ್ ಫೇಮ್ ನೇಮಿಸಿದ್ದ ಹನ್ನೆರಡು ಜನರ ಸಮಿತಿ ನೀಗ್ರೋ ಲೀಗಿನ 39 ಹೆಸರುಗಳ ಮೇಲೆ ಮತ ಹಾಕುತ್ತಿತ್ತು. ಒಂಬತ್ತು ಮತ ಬಿದ್ದರೆ ಒಳಗೆ. ಬಕ್ ಆಯ್ಕೆಯಾಗುವುದು ಖಚಿತವೆಂದು ಮ್ಯೂಸಿಯಂನಲ್ಲಿ ಜನ ಸೇರಿದ್ದರು. ಹದಿನೇಳು ಹೆಸರು ಆಯ್ಕೆಯಾದವು. ಬಕ್‌ನದು ಇರಲಿಲ್ಲ. ಸುದ್ದಿ ತಂದವರಿಗೇ ಬಾಯಿ ಬರಲಿಲ್ಲ. ಎಷ್ಟು ಜನ ಆಯ್ಕೆಯಾದರು ಎಂದು ಅವನೇ ಕೇಳಿದ. ಹದಿನೇಳು ಎಂದಾಗ ಮುಖ ಅರಳಿತು. ಸೇರಿದ್ದವರಿಗೆ ಸಮಾಧಾನ ಹೇಳಿದವನೂ ಅವನೇ; ಆಮೇಲೆ, ಆ ಹದಿನೇಳು ಜನರ ಪರವಾಗಿ ಮಾತಾಡಲು ನನ್ನನ್ನು ಕರೆದಾರೇ ಎಂದು ವಿಚಾರಿಸಿದ. ಆ ಹದಿನೇಳರಲ್ಲಿ ಒಬ್ಬರೂ ಬದುಕಿರಲಿಲ್ಲ. ಅವರಲ್ಲೊಬ್ಬ ಅವನ ಹಳೆಯ ಒಡೆಯ ವಿಲ್ಕಿನ್ಸನ್.

ಸಮಿತಿಯ ಲೆಕ್ಕ ನನಗೆ ಅರ್ಥವಾಗುತ್ತದೆ. ಆಟಗಾರನಾಗಿ ಅಂಕಿಗಳು ಮಧ್ಯಮ, ಮ್ಯಾನೇಜರಾಗಿ ಲೀಗ್ ಕುಂದಿದ ಕಾಲ, ಕೋಚಾಗಿ ಸ್ವಲ್ಪ ದಿನ. ಒಂದೊಂದನ್ನೇ ಬೇರೆಬೇರೆ ತೂಗಿದರೆ ತಕ್ಕಡಿ ಇಳಿಯುವುದಿಲ್ಲ. ಹಾಗೆ ಬೇರೆಬೇರೆ ತೂಗಿದ್ದೇ ತಪ್ಪು. ಆ ಹದಿನೇಳು ಹೆಸರುಗಳು ಸಮಿತಿಯ ಮೇಜಿನವರೆಗೆ ಬಂದದ್ದರಲ್ಲಿ ಈ ಮುದುಕನ ಪಾಲು ಎಷ್ಟು ಎಂದು ತೂಗುವ ತಕ್ಕಡಿ ಅವರ ಬಳಿ ಇರಲಿಲ್ಲ.

ಆ ಜುಲೈನಲ್ಲಿ, 94ರ ವಯಸ್ಸಿನಲ್ಲಿ, ನಾರ್ದರ್ನ್ ಲೀಗಿನ ಆಲ್ ಸ್ಟಾರ್ ಪಂದ್ಯದಲ್ಲಿ ಬ್ಯಾಟ್ ಹಿಡಿದು ನಿಂತ. ಪಿಚರ್ ಬೇಕೆಂದೇ ದೂರ ಎಸೆದು ಬೇಸು ಬಿಟ್ಟುಕೊಟ್ಟ. ಕೂಡಲೇ ಎದುರು ತಂಡಕ್ಕೆ ವರ್ಗವಾಗಿ, ಅವರ ಪರವಾಗಿಯೂ ಮೊದಲಿಗನಾಗಿ ಬ್ಯಾಟ್ ಮಾಡಿ ಮತ್ತೆ ಮೊದಲ ಬೇಸಿಗೆ ನಡೆದ. ಹನ್ನೆರಡು ದಿನದ ಮೇಲೆ, ಜುಲೈ 30ರಂದು, ಹಾಲ್ ಆಫ್ ಫೇಮ್ ಇರುವ ಕೂಪರ್ಸ್‌ಟೌನ್‌ನ ವೇದಿಕೆ ಹತ್ತಿದ. ತನ್ನನ್ನು ಒಳಗೆ ಬಿಡದ ಹಾಲ್ ಆಫ್ ಫೇಮ್‌ನ ಅಂಗಳದಲ್ಲಿ ನಿಂತು, ಒಳಹೋದ ಹದಿನೇಳು ಜನರ ಪರವಾಗಿ ಮಾತಾಡಿದ. ತಾಯಿಯನ್ನೂ ಹೆಂಡತಿಯನ್ನೂ ಒಯ್ದ ಕ್ಯಾನ್ಸರನ್ನು ದ್ವೇಷಿಸುತ್ತೇನೆ, ಮನುಷ್ಯನನ್ನು ದ್ವೇಷಿಸಲಾರೆ ಅಂದ. ಕೊನೆಗೆ ಅಲ್ಲಿದ್ದ ಮಹಾನ್ ಆಟಗಾರರನ್ನೂ ಹುಲ್ಲಿನ ಮೇಲೆ ಕೂತ ಸಾವಿರಾರು ಜನರನ್ನೂ ಪರಸ್ಪರ ಕೈಹಿಡಿಯಲು ಹೇಳಿ, ಪ್ರೀತಿಯ ಒಂದು ಚಿಕ್ಕ ಹಾಡು ಹೇಳಿಕೊಟ್ಟು ಹಾಡಿಸಿದ. ಅಕ್ಟೋಬರ್ 6ರಂದು ಕ್ಯಾನ್ಸಸ್ ಸಿಟಿಯಲ್ಲಿ ತೀರಿಕೊಂಡ.

ಆಮೇಲಿನದು ಬೇಗ ಹೇಳಿಬಿಡಬಹುದು. 2008ರಿಂದ ಹಾಲ್ ಆಫ್ ಫೇಮ್ ಅವನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. 2020ರ ಡಿಸೆಂಬರಿನಲ್ಲಿ 1920ರಿಂದ 1948ರವರೆಗಿನ ನೀಗ್ರೋ ಲೀಗುಗಳನ್ನು ಮೇಜರ್ ಲೀಗಿನವರು ತಮ್ಮಂತೆಯೇ ಮೇಜರ್ ಲೀಗೆಂದು ಒಪ್ಪಿಕೊಂಡರು. 2024ರಲ್ಲಿ ಅವುಗಳ ಅಂಕಿಗಳನ್ನು ಸೇರಿಸಿದಾಗ, ಬ್ಯಾಟಿಂಗ್ ಸರಾಸರಿಯ ಪಟ್ಟಿಯ ತುದಿಯಲ್ಲಿ ಹಳೆಯ ಬಿಳಿಯ ಆಟಗಾರ ಟೈ ಕಾಬ್‌ನ ಜಾಗಕ್ಕೆ ಜೋಶ್ ಗಿಬ್ಸನ್ ಬಂದ. 2021ರ ಡಿಸೆಂಬರಿನಲ್ಲಿ ಬೇರೊಂದು ಸಮಿತಿ ಬಕ್‌ನನ್ನು ಆರಿಸಿತು. 2022ರ ಜುಲೈ 24ರಂದು ಅವನ ಫಲಕ ಗೋಡೆಗೇರಿತು. ಹದಿನಾರು ವರ್ಷ ತಡ.

ಕ್ಯಾನ್ಸಸ್ ಸಿಟಿಯ ಮ್ಯೂಸಿಯಂನಲ್ಲಿ ಒಂದು ಪುಟ್ಟ ಮೈದಾನವಿದೆ. ಹತ್ತು ಕಂಚಿನ ಆಟಗಾರರು ತಮ್ಮತಮ್ಮ ಜಾಗದಲ್ಲಿ ನಿಂತಿದ್ದಾರೆ: ಪಿಚರ್ ಜಾಗದಲ್ಲಿ ಸ್ಯಾಚೆಲ್ ಪೇಜ್, ಕ್ಯಾಚರ್ ಜೋಶ್ ಗಿಬ್ಸನ್. ಒಳಗೆ ಕಾಲಿಟ್ಟವರಿಗೆ ಅವರು ಮೊದಲು ಕಾಣುವುದು ಕೋಳಿಗೂಡಿನಂಥ ತಂತಿಬಲೆಯ ಆಚೆ. ಇಡೀ ಚರಿತ್ರೆಯನ್ನು ಸುತ್ತಿ ನೋಡಿದ ಮೇಲಷ್ಟೇ ಮೈದಾನಕ್ಕೆ ಇಳಿಯಬಹುದು. ಅಲ್ಲಿ ಮೊದಲ ಬೇಸಿನಲ್ಲಿ ನಿಂತಿರುವುದು ಗ್ರೇಸ್ ತಂಡದ ಬಕ್ ಲಿಯೊನಾರ್ಡ್. ಬಕ್ ಓನೀಲ್ ತಂತಿಬಲೆಯ ಬಳಿ, ಮ್ಯಾನೇಜರ್ ಆಗಿ, ಅವರೆಲ್ಲರ ಕಡೆ ನೋಡುತ್ತ ನಿಂತಿದ್ದಾನೆ.